ಎರೆ ಮಣ್ಣಿನ ಕಾಲು, ಗೊರವನ ಕಾರ್ಣಿಕ

ಡಿಸೆಂಬರಿನಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವವರೆಲ್ಲ ನೀರಿನ ನಡುವೆ ನೋಡುತ್ತಾರೆ. ಅಲ್ಲಿ ಪಟ್ಟೆತಲೆ ಹೆಬ್ಬಾತುಗಳಿರುತ್ತವೆ, ಸಾವಿರಗಟ್ಟಲೆ. ರಾತ್ರಿ ಹೊಲಗಳಲ್ಲಿ ಮೇಯ್ದು, ಬೆಳಗಾಗುತ್ತಲೇ ಕೂಗುತ್ತ ಬಂದು ನೀರಿಗಿಳಿಯುವ ಅವುಗಳನ್ನು ಕಂಡರೆ ಯಾರಿಗಾದರೂ ಮೈ ಝುಂ ಎನ್ನುತ್ತದೆ. ನನಗೂ ಎನ್ನುತ್ತದೆ, ಒಂದು ಹತ್ತು ನಿಮಿಷ. ಆಮೇಲೆ ಬೈನಾಕ್ಯುಲರನ್ನು ಕೆಳಗಿಳಿಸಿ, ನಾನು ಕೂತಲ್ಲಿಂದ ಇಪ್ಪತ್ತು ಮಾರು ಆಚೆಯ ಕೆಸರನ್ನು ನೋಡಲು ಶುರು ಮಾಡುತ್ತೇನೆ.

"ಏನ್ರೀ, ಹಕ್ಕಿ ಆ ಕಡೆ ಅದಾವು, ನೀವು ಈ ಕಡೆ ರಾಡ್ಯಾಗ ಏನ್ ನೋಡಾಕತ್ತೀರಿ? ಏನರ ಬಿದ್ದೈತೇನು?" ಅಂತ ಕುರಿ ಕಾಯುವವರೊಬ್ಬರು ಒಮ್ಮೆ ಕೇಳಿದರು. ಬೈನಾಕ್ಯುಲರ್ ಅವರ ಕೈಗೆ ಕೊಟ್ಟೆ. ಸ್ವಲ್ಪ ಹೊತ್ತು ಅತ್ತಿತ್ತ ಆಡಿಸಿ, "ಹೌದಲಾ, ರಾಡಿ ಓಡಾಡಾಕತ್ತೈತಿ" ಅಂದರು. ಕೆಸರಿನಲ್ಲಿ ಮೇಯುವ ಸ್ಟಿಂಟ್ ಎಂಬ ಪುಟ್ಟ ವಲಸೆ ಹಕ್ಕಿಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಬಣ್ಣಿಸಿಲ್ಲ.

ನಾನು ಗದಗಿನವನು. ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ನನ್ನ ಕಸುಬು. ಸುಟ್ಟ ಮೋಟರ್ ಎಲ್ಲಿರುತ್ತದೋ ಅಲ್ಲಿಗೆ ಹೋಗಬೇಕು, ಮೋಟರ್ ಇರುವುದು ಬಾವಿ, ಹಳ್ಳ, ಕೆರೆಯಂಚಿನಲ್ಲೇ. ಶಿರಹಟ್ಟಿ, ಲಕ್ಷ್ಮೇಶ್ವರ ದಾಟಿ ಹಾವೇರಿಯವರೆಗೂ ಬೈಕಿನಲ್ಲಿ ತಿರುಗುತ್ತೇನೆ. 2017ರಲ್ಲಿ ಒಂದು ಹಳೆಯ 8×40 ಬೈನಾಕ್ಯುಲರ್ ಅರ್ಧ ಬೆಲೆಗೆ ಸಿಕ್ಕಿತು. ಅಲ್ಲಿಂದ ಟೂಲ್ ಬ್ಯಾಗಿನಲ್ಲಿ ಮೋಟರ್ ಪರೀಕ್ಷಿಸುವ ಮೆಗ್ಗರ್ ಪಕ್ಕದಲ್ಲೇ ಅದೂ ಇರುತ್ತದೆ.

ಕೊಕ್ಕರೆ, ಬಾತು, ಮಿಂಚುಳ್ಳಿ ಇವೆಲ್ಲ ಒಂದೇ ವರ್ಷದಲ್ಲಿ ಕೈಗೆ ಬಂದವು. ಕೆಸರಿನ ಸಣ್ಣ ಹಕ್ಕಿಗಳು ಬರಲಿಲ್ಲ. ಮೊದಲ ವರ್ಷದ ನೋಟ್‌ಬುಕ್ ತೆಗೆದರೆ ನಗು ಬರುತ್ತದೆ: "ಸ್ಯಾಂಡ್‌ಪೈಪರ್, ಕಂದು", "ಸ್ಯಾಂಡ್‌ಪೈಪರ್, ಬೂದು", "ಸಣ್ಣ ಸ್ಯಾಂಡ್‌ಪೈಪರ್, ಕಂದೋ ಬೂದೋ". ಮೇಲೆ ಮಣ್ಣಿನ ಬಣ್ಣ, ಹೊಟ್ಟೆ ಬಿಳಿ, ಕೊಕ್ಕು ಚೂಪು. ಎಲ್ಲವೂ ಹಾಗೇ. ಗಿಡುಗನ ಕಣ್ಣು ತಪ್ಪಿಸಲು ಕೆಸರಿನ ಬಣ್ಣ ಹೊದ್ದ ಹಕ್ಕಿಯನ್ನು ನಾನು ಬಣ್ಣದ ಮೇಲೆ ಗುರುತಿಸಲು ಹೊರಟಿದ್ದೆ.

ಮೋಟರ್ ವಿಷಯದಲ್ಲಿ ನಾನು ಹೀಗೆ ಮಾಡುವುದಿಲ್ಲ. ಸ್ವಿಚ್ ಹಾಕಿಸಿ ಎರಡು ನಿಮಿಷ ಸುಮ್ಮನೆ ಕೇಳುತ್ತೇನೆ. ಬೇರಿಂಗ್ ಹೋಗಿದ್ದರೆ ಒಂದು ಸದ್ದು, ಒಂದು ಫೇಸ್ ಇಲ್ಲದಿದ್ದರೆ ಇನ್ನೊಂದು ಸದ್ದು. ಮೇಲಿನ ಪೇಂಟ್ ಯಾವ ಬಣ್ಣ ಅಂತ ಯಾರೂ ನೋಡುವುದಿಲ್ಲ. ಅದೇ ಬುದ್ಧಿ ಕೆರೆ ದಂಡೆಯಲ್ಲಿ ಬರಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಮೊದಲು ಪಾಠ ಹೇಳಿದ್ದು ಕಾಮನ್ ಸ್ಯಾಂಡ್‌ಪೈಪರ್, ಕನ್ನಡದಲ್ಲಿ ಗದ್ದೆಗೊರವ. ಹುಬ್ಬಳ್ಳಿಯ ಉಣಕಲ್ ಕೆರೆಯ ಕಲ್ಲಿನ ದಂಡೆಯ ಮೇಲೆ ಒಂಟಿಯಾಗಿ ಓಡಾಡುತ್ತ ಹಿಂಭಾಗವನ್ನು ಮೇಲೆ ಕೆಳಗೆ ಕುಣಿಸುತ್ತಲೇ ಇತ್ತು. ನಿಂತರೂ ಕುಣಿತ ನಿಲ್ಲಲಿಲ್ಲ. ಸಿಪಿಲೆಯೂ (ವ್ಯಾಗ್‌ಟೇಲ್) ಬಾಲ ಆಡಿಸುತ್ತದೆ, ಆದರೆ ಅದು ಆಡಿಸುವುದು ಉದ್ದ ಬಾಲವನ್ನು. ಗದ್ದೆಗೊರವನಿಗೆ ಕುಣಿಸುವಂಥ ಬಾಲವೇ ಇಲ್ಲ, ಅರ್ಧ ದೇಹವೇ ತೂಗುತ್ತದೆ. ಹಾರಿದಾಗ ನೀರಿಗೆ ತಾಗುವಷ್ಟು ಕೆಳಗೆ ಹೋಗುತ್ತದೆ. ರೆಕ್ಕೆಯನ್ನು ಪೂರ್ತಿ ಎತ್ತದೆ ಪಟಪಟ ನಡುಗಿಸಿ, ಬಿಲ್ಲಿನಂತೆ ಬಾಗಿಸಿ ಹಿಡಿದು ತೇಲಿ, ಮತ್ತೆ ನಡುಗಿಸುತ್ತದೆ. ಇಷ್ಟು ಗೊತ್ತಾದ ಮೇಲೆ ಬಣ್ಣ ನೋಡಿದೆ. ಎದೆಯ ಬಿಳಿ, ರೆಕ್ಕೆಯ ಮುಂದೆ ಭುಜದತ್ತ ಒಂದು ಚೂಪು ಮೂಲೆಯಾಗಿ ಏರಿರುವುದು ಆಗ ಕಂಡಿತು. ಅದು ಮೊದಲೂ ಅಲ್ಲೇ ಇತ್ತು. ಈ ಹಕ್ಕಿ ಆಗಸ್ಟಿನ ಹೊತ್ತಿಗೇ ಬಂದಿರುತ್ತದೆ, ಹೆಬ್ಬಾತುಗಳಿಗಿಂತ ಎಷ್ಟೋ ಮುಂಚೆ.

ಗೊರವ ಎನ್ನುವ ಹೆಸರು ನಮ್ಮ ಕಡೆ ಸ್ವಲ್ಪ ತೊಂದರೆಯದು. ಹಾನಗಲ್ ಕಡೆ ಭತ್ತದ ಗದ್ದೆಯೊಂದರಲ್ಲಿ ಮೋಟರ್ ಇಳಿಸುವಾಗ, "ಆ ಬದುವಿನ ಹತ್ರ ನಾಕು ಗೊರವ ಅದಾವು ನೋಡ್ರಿ" ಅಂದೆ. ಗದ್ದೆಯ ಯಜಮಾನರು ಮೋಟರ್ ಬಿಟ್ಟು ಎದ್ದು ನಿಂತು ರಸ್ತೆ ಕಡೆ ನೋಡಿದರು. "ಗೊರವಪ್ಪಗೋಳು ದೇವರಗುಡ್ಡದಾಗ ಇರ್ತಾರ, ಇಲ್ಲಿಗ್ಯಾಕ ಬರ್ತಾರ?" ಅವರು ಮೈಲಾರಲಿಂಗನ ಒಕ್ಕಲು. ಜಾತ್ರೆಯಲ್ಲಿ ಕಾರ್ಣಿಕ, ಅಂದರೆ ಭವಿಷ್ಯವಾಣಿ, ನುಡಿಯುವ ಗೊರವಪ್ಪ ಅಂದುಕೊಂಡಿದ್ದರು. ಹಕ್ಕಿಗೂ ಅದೇ ಹೆಸರು ಅಂದಾಗ ಬಹಳ ಹೊತ್ತು ನಕ್ಕರು.

ಅವತ್ತು ಸಂಜೆ ಬೈಕಿನಲ್ಲಿ ಬರುವಾಗ ಆ ಮಾತೇ ತಲೆಯಲ್ಲಿ ತಿರುಗುತ್ತಿತ್ತು. ಕಾರ್ಣಿಕದ ದಿನ ಏನಾಗುತ್ತದೆ? ಗೊರವಯ್ಯ ಬಿಲ್ಲೇರುವವರೆಗೆ ಜನಸಾಗರ ಗದ್ದಲ ಮಾಡುತ್ತಲೇ ಇರುತ್ತದೆ. ತುದಿಗೆ ಹೋಗಿ "ಸದ್ದಲೇ" ಅಂದ ಕೂಡಲೇ ಎಲ್ಲ ಗಪ್‌ಚುಪ್. ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲು ಕಿವಿಗೆ ಬಿತ್ತೋ ಬಿತ್ತು, ಇಲ್ಲವೆಂದರೆ ಇಲ್ಲ. ಕೆಸರಿನ ಗೊರವನೂ ಹಾಗೇ. ಗಂಟೆಗಟ್ಟಲೆ ಮುಖ ಕೊಡದೆ ಮೇಯುತ್ತಾನೆ. ಹಾರುವ ಮೂರು ಸೆಕೆಂಡಿನಲ್ಲಿ ತನ್ನ ಹೆಸರು ತಾನೇ ಹೇಳಿ ಹೋಗುತ್ತಾನೆ.

ಆ ಬದುವಿನ ಹಕ್ಕಿಗಳನ್ನೇ ತೆಗೆದುಕೊಳ್ಳಿ. ಅವು ವುಡ್ ಸ್ಯಾಂಡ್‌ಪೈಪರ್. ಬೆನ್ನ ಮೇಲೆ ರವೆ ಚೆಲ್ಲಿದಂತೆ ಚುಕ್ಕಿ, ಕಣ್ಣಿನ ಮೇಲೆ ಬಿಳಿ ಹುಬ್ಬು. ಎದ್ದಾಗ "ಚಿಫ್-ಇಫ್-ಇಫ್" ಎಂದು ಒಣ ಸದ್ದು, ರೆಕ್ಕೆಯ ಒಳಭಾಗ ತಿಳಿ ಬಣ್ಣ. ಗ್ರೀನ್ ಸ್ಯಾಂಡ್‌ಪೈಪರ್ ಇದರ ದಾಯಾದಿ. ಅದಕ್ಕೆ ಗದ್ದೆಗಿಂತ ಹಳ್ಳದ ಮೋರಿ, ಒಂಟಿ ಗುಂಡಿ ಇಷ್ಟ. ಕೂತಾಗ ಎರಡೂ ಒಂದೇ ಅನ್ನಿಸಬಹುದು. ಎದ್ದರೆ ಗ್ರೀನ್‌ನ ರೆಕ್ಕೆಯ ಒಳಗೆಲ್ಲ ಕಪ್ಪು, ಸೊಂಟದಲ್ಲಿ ಸುಣ್ಣ ಬಳಿದಂಥ ಬಿಳಿ, ದನಿಯಲ್ಲಿ ಸಿಳ್ಳೆಯ ಇಂಪು. ಹೆಸರಿನಲ್ಲಿ ಗ್ರೀನ್ ಇದ್ದರೂ ನಮ್ಮ ಕಣ್ಣಿಗೆ ಹಸಿರು ಕಾಣುವುದಿಲ್ಲ, ಅದನ್ನು ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ. ಇನ್ನೊಂದು ಮಾತು: ಕೆಸರಲ್ಲಿ ಬದುಕುವ ಈ ಹಕ್ಕಿ ಉತ್ತರದ ಕಾಡುಗಳಿಗೆ ಹೋಗಿ ಮೊಟ್ಟೆ ಇಡುವುದು ಮರದ ಮೇಲೆ, ಅದೂ ಬೇರೆ ಹಕ್ಕಿ ಬಿಟ್ಟುಹೋದ ಹಳೆಯ ಗೂಡಿನಲ್ಲಿ. ಇದನ್ನು ಓದಿದ ದಿನ ನಾನು ಹೆಂಡತಿಗೆ ಎರಡು ಸಲ ಹೇಳಿದೆ.

ಆಮೇಲೆ ಪ್ಲೋವರ್. ಲಿಟಲ್ ರಿಂಗ್ಡ್ ಪ್ಲೋವರ್ ಗುರುತಿಸುವುದು ಸುಲಭ, ಕುತ್ತಿಗೆಗೆ ಕಪ್ಪು ಪಟ್ಟಿ, ಕಣ್ಣಿನ ಸುತ್ತ ಹಳದಿ ಬಳೆ. ನನಗೆ ಅದು ಮುಖ್ಯವಾಗಿದ್ದು ಬೇರೆ ಕಾರಣಕ್ಕೆ. ಅದು ನಾಲ್ಕು ಹೆಜ್ಜೆ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ನೋಡುತ್ತದೆ, ಕುಕ್ಕುತ್ತದೆ, ಮತ್ತೆ ಓಡುತ್ತದೆ. ಕೆಲವೊಮ್ಮೆ ಒಂದು ಕಾಲನ್ನು ಕೆಸರಿನ ಮೇಲೆ ಗಡಗಡ ನಡುಗಿಸುತ್ತದೆ, ಒಳಗಿನ ಹುಳ ಅಲುಗಾಡಲಿ ಎಂದು. ಸ್ಟಿಂಟ್, ಸ್ಯಾಂಡ್‌ಪೈಪರ್‌ಗಳು ಹೀಗೆ ನಿಂತು ನೋಡುವುದಿಲ್ಲ, ತಲೆ ಬಗ್ಗಿಸಿಕೊಂಡೇ ಸಾಗುತ್ತವೆ. ಯಾಕೆ? ಪ್ಲೋವರ್ ಬೇಟೆಯಾಡುವುದು ಕಣ್ಣಿನಿಂದ, ಅದಕ್ಕೇ ಆ ದೊಡ್ಡ ಕಣ್ಣು, ಮೊಂಡು ಕೊಕ್ಕು. ಸ್ಯಾಂಡ್‌ಪೈಪರ್ ಬಳಗದ ಕೊಕ್ಕಿನ ತುದಿಯಲ್ಲಿ ಸ್ಪರ್ಶ ತಿಳಿಯುವ ನರತುದಿಗಳು ತುಂಬಿರುತ್ತವೆ. ಕತ್ತಲಲ್ಲಿ ಜೇಬಿನೊಳಗೆ ಕೈ ಹಾಕಿ ನಾಣ್ಯ ಗುರುತಿಸುತ್ತೇವಲ್ಲ, ಹಾಗೆ ಅದು ಕೆಸರೊಳಗೆ ಹುಳ ಹುಡುಕುತ್ತದೆ. ಇದು ತಿಳಿದ ಮೇಲೆ ನಡಿಗೆ ಸುಮ್ಮನೆ ನಡಿಗೆಯಾಗಿ ಉಳಿಯಲಿಲ್ಲ. ದೂರದಲ್ಲಿ, ಎದುರು ಬಿಸಿಲಿನಲ್ಲಿ, ಬರೀ ಕಪ್ಪು ಬೊಟ್ಟಿನಂತೆ ಕಂಡರೂ ಪ್ಲೋವರ್ ಬಳಗವೋ ಸ್ಯಾಂಡ್‌ಪೈಪರ್ ಬಳಗವೋ ಎಂದು ಹೇಳಬಲ್ಲೆ. ಅರ್ಧ ಕೆಲಸ ಅಲ್ಲೇ ಮುಗಿಯಿತು.

ಈ ಲಿಟಲ್ ರಿಂಗ್ಡ್ ಪ್ಲೋವರ್ ನಮ್ಮಲ್ಲೇ ಮೊಟ್ಟೆಯನ್ನೂ ಇಡುತ್ತದೆ. ಒಂದು ಏಪ್ರಿಲ್‌ನಲ್ಲಿ ಒಣಗಿದ ಕೆರೆಯಂಗಳದ ಗರಸಿನ ಮೇಲೆ ನಡೆಯುತ್ತಿದ್ದೆ. ಹಕ್ಕಿಯೊಂದು ರೆಕ್ಕೆ ಮುರಿದವರಂತೆ ಎಳೆದುಕೊಂಡು ಎದುರಿಗೆ ತೆವಳಿತು. ಅದು ನಾಟಕ ಎಂದು ಓದಿ ಗೊತ್ತಿದ್ದರೂ ಎರಡು ಹೆಜ್ಜೆ ಅದರ ಹಿಂದೆ ಹೋದೆ. ಆಮೇಲೆ ಬುದ್ಧಿ ಬಂದು ನಿಂತಲ್ಲೇ ನಿಂತು ನೆಲ ನೋಡಿದೆ. ಬೂಟಿನಿಂದ ಒಂದು ಗೇಣು ದೂರದಲ್ಲಿ ಮೊಟ್ಟೆಗಳು, ಬೆಣಚುಕಲ್ಲಿನ ನಡುವೆ ಬೆಣಚುಕಲ್ಲಿನಂತೆ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದೆ. ಮಾರ್ಚ್‌ನಿಂದ ಮೇ ತನಕ ಒಣ ಕೆರೆಯಂಗಳಕ್ಕೆ ಈಗ ಇಳಿಯುವುದಿಲ್ಲ.

ಇನ್ನು ಸ್ಟಿಂಟ್. ನನ್ನ ನಿಜವಾದ ಸೋಲು ಇಲ್ಲೇ.

ನಮ್ಮ ಕಡೆ ಬರುವ ಸ್ಟಿಂಟ್ ಮುಖ್ಯವಾಗಿ ಎರಡು. ಒಂದು ಲಿಟಲ್ ಸ್ಟಿಂಟ್, ಇನ್ನೊಂದು ಟೆಮ್ಮಿಂಕ್ಸ್ ಸ್ಟಿಂಟ್. ಎರಡನ್ನೂ ಲೈಸ್ಲರ್ ಎಂಬ ಜರ್ಮನ್ ಪಕ್ಷಿತಜ್ಞ 1812ರಲ್ಲಿ ಬೇರೆ ಬೇರೆ ಎಂದು ವರ್ಣಿಸಿದ. ಎರಡನೆಯದಕ್ಕೆ ಡಚ್ ವಿದ್ವಾಂಸ ಟೆಮ್ಮಿಂಕ್‌ನ ಹೆಸರಿಟ್ಟ. ಎರಡೂ ಉತ್ತರದ ತುದಿಯಲ್ಲಿ, ಸ್ಕ್ಯಾಂಡಿನೇವಿಯಾದಿಂದ ಸೈಬೀರಿಯಾದವರೆಗಿನ ಚಳಿಯ ಬಯಲುಗಳಲ್ಲಿ ಮರಿ ಮಾಡಿ ಇಲ್ಲಿಗೆ ಬರುತ್ತವೆ. ತೂಕ ಇಪ್ಪತ್ತೈದು ಗ್ರಾಂ ಆಸುಪಾಸು, ಹತ್ತು ರೂಪಾಯಿಯ ಮೂರು ನಾಣ್ಯ ಅಂಗೈ ಮೇಲಿಟ್ಟುಕೊಂಡರೆ ಅಷ್ಟೇ. ಟೆಮ್ಮಿಂಕ್ಸ್ ಸ್ಟಿಂಟ್ ಹಕ್ಕಿಯ ಸಂಸಾರ ವಿಚಿತ್ರ. ಹೆಣ್ಣು ಒಂದು ಗೂಡಿನ ಮೊಟ್ಟೆಗಳನ್ನು ಗಂಡಿಗೆ ಒಪ್ಪಿಸಿ, ಇನ್ನೊಂದು ಗೂಡು ಮಾಡಿ ಅಲ್ಲಿನ ಮೊಟ್ಟೆಗೆ ತಾನು ಕಾವು ಕೊಡುತ್ತದೆ.

ಇವೆರಡನ್ನು ಬೇರೆ ಮಾಡಲು ಎಲ್ಲರೂ ಹೇಳುವ ಮೊದಲ ಗುರುತು ಕಾಲಿನ ಬಣ್ಣ. ಲಿಟಲ್‌ಗೆ ಕಪ್ಪು ಕಾಲು, ಟೆಮ್ಮಿಂಕ್‌ಗೆ ಹಳದಿ ಮಿಶ್ರಿತ ಹಸಿರು ಕಾಲು. ಗುರುತು ಸರಿಯಾದದ್ದೇ. ನಾನು ಅದನ್ನೇ ನೆಚ್ಚಿಕೊಂಡೆ. ಎರಡು ಹಂಗಾಮು, ಕಪ್ಪು ಕಾಲು ಕಂಡ ಕೂಡಲೇ "ಲಿಟಲ್ ಸ್ಟಿಂಟ್" ಎಂದು ಬರೆದುಕೊಂಡೆ. ಟೆಮ್ಮಿಂಕ್ ಒಂದೂ ಸಿಗಲಿಲ್ಲ. ನಮ್ಮ ಜಿಲ್ಲೆಗೆ ಅದು ಬರುವುದಿಲ್ಲವೇನೋ ಎಂದು ಒಂದಿಬ್ಬರ ಮುಂದೆ ದೊಡ್ಡಸ್ತಿಕೆಯಿಂದ ಹೇಳಿಯೂ ಬಿಟ್ಟೆ.

ಮೂರನೆಯ ವರ್ಷ, ಎಳ್ಳ ಅಮಾಸಿಯ ಮರುದಿನ. ಚರಗದ ಊಟದ ಭಾರ ಇನ್ನೂ ಹೊಟ್ಟೆಯಲ್ಲಿತ್ತು. ಕೆರೆಯ ಬಾಲದ ಕಡೆ, ಜೇಕು ಹುಲ್ಲು ಬೆಳೆದಲ್ಲಿ ಸ್ಟಿಂಟ್ ಒಂದು ಒಂಟಿಯಾಗಿ ಮೇಯುತ್ತಿತ್ತು. ಕಾಲು ಕಪ್ಪು. ಪೆನ್ನು ತೆಗೆದು "ಲಿಟಲ್" ಎಂದು ಬರೆಯುವಾಗ ಹಕ್ಕಿ ತಿಳಿನೀರಿದ್ದ ಒಂದು ಕುಣಿಗೆ ಇಳಿದು ಮೈ ತೊಳೆಯಲು ಶುರು ಮಾಡಿತು. ಮುಳುಗು ಹಾಕಿತು, ರೆಕ್ಕೆ ಬಡಿಯಿತು, ಒಂದೆರಡು ನಿಮಿಷ ಸಂಭ್ರಮ ಮಾಡಿ ಆಚೆ ದಂಡೆಯ ಕಲ್ಲಿನ ಮೇಲೆ ಹತ್ತಿ ನಿಂತಿತು. ಕಾಲು ಹಳದಿ.

ನೀವು ಗದಗಿನವರಾದರೆ ನಾನು ಹೇಳುವ ಮೊದಲೇ ತಿಳಿದಿರುತ್ತದೆ. ಇದು ಎರೆ ನೆಲ, ಕಪ್ಪು ಅಂಟು ಮಣ್ಣು. ಹಸಿ ಎರೆಯಲ್ಲಿ ಹತ್ತು ಹೆಜ್ಜೆ ನಡೆದರೆ ಚಪ್ಪಲಿ ಎರಡು ಕಿಲೋ ಆಗುತ್ತದೆ. ಸೈಕಲ್ ಚಕ್ರ ತಿರುಗುವುದಿಲ್ಲ, ಎತ್ತಿನ ಗೊರಸು ಕಾಣುವುದಿಲ್ಲ. ಅದೇ ಮಣ್ಣು ಕಡ್ಡಿಯಂಥ ಹಕ್ಕಿಯ ಕಾಲಿಗೆ ಮೆತ್ತದೆ ಬಿಡುತ್ತದೆಯೇ? ಬಾಲ್ಯದಿಂದ ಆ ಮಣ್ಣು ತುಳಿದು ಬೆಳೆದವನು ನಾನು. ಆದರೂ ಯಾವುದೋ ದೇಶದ ಮರಳಿನ ಮೇಲೆ ನಿಂತ ಹಕ್ಕಿಯ ಚಿತ್ರ ನೋಡಿ, ಎರೆಯ ಮೇಲೆ ನಿಂತ ಹಕ್ಕಿಗೆ ಹೆಸರಿಡುತ್ತಿದ್ದೆ. ಮೊಬೈಲಿನಲ್ಲಿ ಫೋಟೊ ಹಾಕಿ ಕೇಳಿದ್ದರೂ ಉಪಯೋಗವಿರಲಿಲ್ಲ. ಫೋಟೊದಲ್ಲೂ ಕಾಲು ಕಪ್ಪೇ.

ಆ ದಿನ ಮಧ್ಯಾಹ್ನದವರೆಗೆ ಅಲ್ಲಿಂದ ಏಳಲಿಲ್ಲ. ಕಾಲು ಮರೆತು ಹಕ್ಕಿಯ ರೂಢಿ ನೋಡಿದೆ. ಹಬ್ಬದ ಹಿಂದಿನ ದಿನ ನಮ್ಮ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ರೀತಿ ಅದರದು: ಬಗ್ಗಿ, ಮೊಣಕಾಲು ಮಡಚಿ, ನಿಧಾನ, ಒಂದೊಂದೇ. ಹುಲ್ಲಿನ ಬುಡ ಬಿಟ್ಟು ಬಯಲಿಗೆ ಬರುವುದಿಲ್ಲ. ಎದೆಯ ಮೇಲೆ ಕಂದುಬೂದು ಬಣ್ಣ ಒಂದೇ ಸಮನಾಗಿ ಹರಡಿದೆ, ಗದ್ದೆಗೊರವನನ್ನು ಕುಗ್ಗಿಸಿ ಅಂಗೈಯಗಲ ಮಾಡಿದಂತೆ. ಮುದುಡಿ ಕೂತಾಗ ಬಾಲದ ತುದಿ ರೆಕ್ಕೆಯ ತುದಿಗಿಂತ ಸ್ವಲ್ಪ ಆಚೆ ಬರುತ್ತದೆ.

ಅದೇ ಹೊತ್ತಿಗೆ ನಡುವಿನ ಬಯಲು ಕೆಸರಿನಲ್ಲಿ ಒಂದು ಮೂವತ್ತು ಸ್ಟಿಂಟ್ ಹರಡಿಕೊಂಡಿದ್ದವು. ಅವುಗಳ ರೀತಿಯೇ ಬೇರೆ. ಓಡು, ಕುಕ್ಕು, ಓಡು, ಪಕ್ಕದವನ ಮೇಲೆ ಏರಿ ಹೋಗು, ಮತ್ತೆ ಕುಕ್ಕು. ಶಾಲೆ ಬಿಟ್ಟ ಮಕ್ಕಳು ಶೇಂಗಾ ಹೊಲ ಹೊಕ್ಕಂತೆ. ಎದೆ ಬಿಳಿ, ಪಕ್ಕದಲ್ಲಿ ಮಾತ್ರ ತುಸು ಬೂದು. ಅವು ಲಿಟಲ್.

ಹನ್ನೊಂದರ ಸುಮಾರಿಗೆ ಸೆಳೆವ ಬಂತು. ಜೌಗಿನ ಮೇಲೆ ತೇಲಿ ಬರುವ ಆ ಗಿಡುಗ ಬಂದರೆ ಕೆರೆಯೆಲ್ಲ ಏಳುತ್ತದೆ. ನಾನು ಉಸಿರು ಬಿಗಿಹಿಡಿದೆ. ಸದ್ದಲೇ. ಬಯಲಿನ ಗುಂಪು "ಟಿಟ್, ಟಿಟ್" ಎನ್ನುತ್ತ ಒಟ್ಟಾಗಿ ಎದ್ದು, ಕೆಳಗೇ ಒಂದು ಸುತ್ತು ಹೊರಳಿ, ಸೆಳೆವ ದಾಟಿದ ಕೂಡಲೇ ಅದೇ ಕೆಸರಿಗೆ ಇಳಿಯಿತು. ಜೇಕಿನ ಹಕ್ಕಿ ಹಾಗೆ ಮಾಡಲಿಲ್ಲ. "ಟಿರ್ರ್ರ್ರ್" ಎಂದು ಜೀರುಂಡೆಯಂತೆ ಎಳೆದು, ನೆಟ್ಟಗೆ ಮೇಲಕ್ಕೆ ಚಿಮ್ಮಿತು. ಚಿಮ್ಮುವಾಗ ಬಾಲ ಬಿಚ್ಚಿತು, ಎರಡೂ ಅಂಚಿನಲ್ಲಿ ಅಚ್ಚ ಬಿಳಿ ಗರಿ. ಲಿಟಲ್‌ಗೆ ಆ ಜಾಗದಲ್ಲಿ ಬೂದು ಇರುತ್ತದೆ. ಅಂಕುಡೊಂಕಾಗಿ ಮೇಲೇರಿ, ಕೆರೆಯ ಮೇಲೆ ದೊಡ್ಡ ಸುತ್ತು ಹಾಕಿ, ದೂರದ ಇನ್ನೊಂದು ಮೂಲೆಯ ಹುಲ್ಲಿಗೆ ಬಿದ್ದಿತು. ದನಿ, ಏಟು ಬಿದ್ದಂತೆ ಏರುವ ಪರಿ, ಬಾಲದ ಬಿಳಿ. ಈ ಮೂರಕ್ಕೂ ಎರೆ ಮಣ್ಣು ಮೆತ್ತುವುದಿಲ್ಲ.

ಇಲ್ಲಿ ಒಂದು ತಪ್ಪೊಪ್ಪಿಗೆ. ಹಾರಿದರೆ ಹೆಸರು ಸಿಗುತ್ತದೆ ಎಂದು ಗೊತ್ತಾದ ಮೇಲೆ ಕೆಲವು ವಾರ ನಾನು ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸುತ್ತಿದ್ದೆ. ಒಮ್ಮೆ ಕಲ್ಲನ್ನೂ ಎಸೆದೆ. ಸಾವಿರಾರು ಕಿಲೋಮೀಟರು ಹಾರಿ ಬಂದು, ಮತ್ತೆ ಅಷ್ಟೇ ದೂರ ಹಾರಲು ಮೈಯಲ್ಲಿ ಕೊಬ್ಬು ಕೂಡಿಸುತ್ತಿರುವ ಜೀವವನ್ನು ನನ್ನ ನೋಟ್‌ಬುಕ್ಕಿನ ಒಂದು ಸಾಲಿಗಾಗಿ ಎಬ್ಬಿಸುವುದು ಹೊಲಸು ಕೆಲಸ. ಬಿಟ್ಟೆ. ಸೆಳೆವ ಬರುತ್ತದೆ, ನಾಯಿ ಬರುತ್ತದೆ, ಕುರಿ ಬರುತ್ತವೆ. ಯಾರೂ ಬರದಿದ್ದರೆ ಹಕ್ಕಿ ತಾನೇ ಯಾವಾಗಲೋ ಏಳುತ್ತದೆ.

ಕೂರುವುದರ ಬಗ್ಗೆ ಎರಡು ಮಾತು, ಕೇಳುವವರಿದ್ದಾರೆ ಅಂತ. ಸೂರ್ಯ ಬೆನ್ನಿಗಿರಬೇಕು. ಕೂತು ಬಗ್ಗಿದರೆ ಹಕ್ಕಿ ತಾನೇ ಹತ್ತಿರ ಬರುತ್ತದೆ, ನಿಂತರೆ ದೂರ ಸರಿಯುತ್ತದೆ. ಬಿಸಿಲೇರಿದ ಮೇಲೆ ಎರೆಯ ಮೇಲೆ ಕಾವು ನೀರಿನಂತೆ ಅಲೆಯಾಡತೊಡಗುತ್ತದೆ, ಆಗ ದೂರದ ಹಕ್ಕಿಯ ಕಾಲು ಎಷ್ಟುದ್ದ ಎಂದು ಹೇಳಲು ಹೋಗಬೇಡಿ. ಗಾತ್ರಕ್ಕೆ ಪಕ್ಕದಲ್ಲಿ ಗೊತ್ತಿರುವ ಹಕ್ಕಿ ಬರುವವರೆಗೆ ಕಾಯಿರಿ. ಸಿಪಿಲೆ ಎಲ್ಲ ಕೆರೆಯಲ್ಲೂ ಸಿಗುತ್ತದೆ, ಸ್ಟಿಂಟ್ ಅದರ ಪಕ್ಕದಲ್ಲಿ ಗಿಡ್ಡನಾಗಿ ಕಾಣಬೇಕು. ದುಬಾರಿ ಲೆನ್ಸ್ ಬೇಕಿಲ್ಲ. ಕಿವಿ ಬೇಕು. ಬೈಕಿನ ಸದ್ದಿನಲ್ಲಿ ಇಪ್ಪತ್ತು ವರ್ಷ ಕಳೆದ ನನ್ನ ಕಿವಿಗೇ ಟೆಮ್ಮಿಂಕ್ ಕೇಳಿಸುತ್ತದೆ ಅಂದ ಮೇಲೆ ನಿಮಗೂ ಕೇಳಿಸುತ್ತದೆ.

ಟೆಮ್ಮಿಂಕ್ ಸಿಕ್ಕ ಆ ದಿನದ ರಾತ್ರಿ ಹಳೆಯ ನೋಟ್‌ಬುಕ್ ತೆಗೆದು ಕೂತೆ. ಎರಡು ವರ್ಷದಲ್ಲಿ "ಲಿಟಲ್ ಸ್ಟಿಂಟ್" ಎಂಬ ನಮೂದು ಮೂವತ್ತೊಂದು ಕಡೆ ಇತ್ತು. ಒಂಬತ್ತರಲ್ಲಿ "ಗುಂಪು, ಬಯಲಲ್ಲಿ ಓಡುತ್ತಿವೆ" ಎಂದು ಬರೆದಿದ್ದೆ, ಅವನ್ನು ಹಾಗೇ ಬಿಟ್ಟೆ. ಐದರಲ್ಲಿ "ಒಂದೇ, ಹುಲ್ಲಲ್ಲಿ, ಎದ್ದಾಗ ಬಹಳ ಮೇಲೆ ಹೋಯಿತು" ಎಂದಿತ್ತು. ಆಗ ಅದರ ಅರ್ಥ ಗೊತ್ತಿರಲಿಲ್ಲ, ಸುಮ್ಮನೆ ಕಂಡದ್ದು ಬರೆದಿದ್ದೆ. ಹೊಡೆದು ಹಾಕಿ ಟೆಮ್ಮಿಂಕ್ ಎಂದು ತಿದ್ದಿದೆ. ಅಂದರೆ ಮೊದಲ ಚಳಿಗಾಲದಿಂದಲೂ ಅದು ನನ್ನ ಎದುರಿಗೇ ಇತ್ತು. ಉಳಿದ ಹದಿನೇಳರಲ್ಲಿ ಬರೆದದ್ದು ಇಷ್ಟೇ: "ಕಾಲು ಕಪ್ಪು." ಅವುಗಳ ಮುಂದೆ ಪ್ರಶ್ನೆ ಚಿಹ್ನೆ ಹಾಕಿದೆ.

ಮಾಗಡಿ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ದೊಡ್ಡ ಕ್ಯಾಮೆರಾದವರು ಬರುತ್ತಾರೆ, ಹೆಬ್ಬಾತುಗಳ ಫೋಟೊ ತೆಗೆಯುತ್ತಾರೆ, ಹೋಗುತ್ತಾರೆ. ಒಳ್ಳೆಯದೇ, ನನ್ನ ಮೂಲೆ ಖಾಲಿ ಇರುತ್ತದೆ. ಕಳೆದ ಫೆಬ್ರವರಿಯಲ್ಲಿ ಅಲ್ಲಿ ಒಂದು ಸ್ಟಿಂಟ್ ಹುಲ್ಲಿನ ಅಂಚಿಗೆ ಬಂತು. ಒಂಟಿ, ಆದರೆ ನಡಿಗೆ ಸ್ವಲ್ಪ ಚುರುಕು. ಎದೆ ಅರ್ಧ ಬೂದು ಅನ್ನಿಸಿತು, ಬೆಳಕು ಮೋಡದ್ದು. ಕಾಲು ಮೊಣಕಾಲಿನವರೆಗೆ ಎರೆ. ಒಂದು ತಾಸು ಕಾದೆ. ಸೆಳೆವ ಬರಲಿಲ್ಲ, ಕುರಿಯೂ ಬರಲಿಲ್ಲ. ಹಕ್ಕಿ ಒಂದು ಕಾಲು ಎತ್ತಿಕೊಂಡು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸೇರಿಸಿ ನಿದ್ದೆ ಹೋಯಿತು. ಲಕ್ಷ್ಮೇಶ್ವರದಿಂದ ಫೋನು: ಮೋಟರ್ ಗುರ್ ಅನ್ನುತ್ತದೆ, ತಿರುಗುತ್ತಿಲ್ಲ, ಮೆಣಸಿನ ಗಿಡ ಒಣಗಾಕತ್ತಾವು. ಒಂದು ಫೇಸ್ ಇಲ್ಲ, ಮೊದಲು ಫ್ಯೂಸ್ ನೋಡ್ರಿ ಅಂತ ಹೇಳಿ ಎದ್ದೆ. ನೋಟ್‌ಬುಕ್ಕಿನಲ್ಲಿ ಬರೆದದ್ದು: "ಸ್ಟಿಂಟ್, ಒಂದು. ಹಾರಲಿಲ್ಲ."